ನರ್ಸಿಂಗ್ ಓದು, ನರ್ಸ್ ಕೆಲಸ, ಅದು ಬಂದ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರದಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ನರ್ಸಿಂಗ್ ಮಾತು ಶುರುವಾಗುತ್ತದೆ. ಅಪ್ಪ ಅಮ್ಮ, ಓದುವ ಮಕ್ಕಳು, ಈಗಾಗಲೇ ಡ್ಯೂಟಿಯಲ್ಲಿರುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಪ್ರಶ್ನೆಗಳು

ನಮ್ಮಜ್ಜಿ ಕಾಲ್ದಲ್ಲಿ ನರ್ಸೇ ಇರ್ಲಿಲ್ಲ. ಆಗ ಕಾಯಿಲೆಯವ್ರನ್ನ, ಬಾಣಂತೀರ್ನ ಯಾರು ನೋಡ್ಕೊಳ್ತಿದ್ರು?

ಕಾಯಿಲೆಯವರನ್ನು ಮನೆಯ ಹೆಂಗಸರು ನೋಡಿಕೊಳ್ಳುತ್ತಿದ್ದರು, ಹೆರಿಗೆಯನ್ನು ಸೂಲಗಿತ್ತಿ. ಆರೈಕೆಗೂ ಒಂದು ವಿದ್ಯೆ ಬೇಕು ಎಂಬ ತಿಳಿವಳಿಕೆ ಮಾತ್ರ ಬಹಳ ಹಳೆಯದು. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದ ಎನ್ನುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಅದು ಕೇಳುವ ಗುಣಗಳೂ ನಾಲ್ಕು. ಉಪಚಾರದ ಅರಿವು, ಕೈಚಳಕ, ರೋಗಿಯ ಮೇಲೆ ಅಕ್ಕರೆ, ಶುಚಿ. ಇವತ್ತಿನ ವಾರ್ಡಿನಲ್ಲೂ ನರ್ಸ್ ಒಬ್ಬರನ್ನು ಅಳೆಯುವುದು ಈ ನಾಲ್ಕರಿಂದಲೇ.

ಸೂಲಗಿತ್ತಿಯ ಮಾತು ಬಂದರೆ ತುಮಕೂರು ಜಿಲ್ಲೆ ಮೊದಲು ನೆನೆಯಬೇಕಾದದ್ದು ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು. ಓದು ಬರಹ ಕಲಿಯದ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ಹೇಳುವ ಇಂಥ ಕೈಗಳ ಅನುಭವವನ್ನು ಕಡೆಗಣಿಸಿದ್ದು ನಮ್ಮ ತಪ್ಪು.

ಆದರೆ ಎಲ್ಲ ಊರಿನಲ್ಲೂ ನರಸಮ್ಮ ಇರಲಿಲ್ಲ. ಕುಡುಗೋಲಿನಿಂದಲೋ ಹಳೆ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕೊಯ್ದು ಬೂದಿ, ಸಗಣಿ ಹಚ್ಚಿದ ಕಡೆ ಮಕ್ಕಳು ಒಂದೆರಡು ವಾರದೊಳಗೆ ಧನುರ್ವಾಯುವಿನಿಂದ ಸಾಯುತ್ತಿದ್ದವು. ಮುಂದೆ ಸೂಲಗಿತ್ತಿಯರ ತರಬೇತಿಯಲ್ಲಿ ‘ಐದು ಶುಚಿ’ ಕಲಿಸಿದ್ದು ಇದಕ್ಕೇ: ಶುಚಿಯಾದ ಕೈ, ಶುಚಿಯಾದ ಜಾಗ, ಹೊಸ ಬ್ಲೇಡು, ಶುಚಿಯಾದ ದಾರ, ಹೊಕ್ಕುಳ ತುದಿಗೆ ಏನೂ ಹಚ್ಚದಿರುವುದು. ಈ ಐದರ ಜೊತೆಗೆ ಬಸುರಿಯರಿಗೆ ಟಿ.ಟಿ. ಚುಚ್ಚುಮದ್ದು ಮತ್ತು ಆಸ್ಪತ್ರೆ ಹೆರಿಗೆ ಸೇರಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ದೇಶದಲ್ಲಿ ನಿರ್ಮೂಲನವಾಗಿದೆ ಎಂದು 2015ರಲ್ಲಿ ದೃಢಪಟ್ಟಿತು.

ದಾದಿ, ನರ್ಸಮ್ಮ, ಸಿಸ್ಟರ್, ಸ್ಟಾಫ್ ನರ್ಸ್, ನರ್ಸಿಂಗ್ ಆಫೀಸರ್... ಎಲ್ಲ ಒಂದೇನಾ? ಏನಂತ ಕರೀಬೇಕು?

‘ದಾದಿ’ ಹಿಂದೆ ಮಗುವಿಗೆ ಹಾಲೂಡಿ ಸಾಕುವವಳಿಗೂ ಇದ್ದ ಹೆಸರು. ಅನೇಕ ನರ್ಸ್‌ಗಳಿಗೆ ಅದು ಈಗ ಹಿಡಿಸುವುದಿಲ್ಲ. ‘ಸಿಸ್ಟರ್’ ಬಂದದ್ದು ಯುರೋಪಿನ ಕ್ರೈಸ್ತ ಸನ್ಯಾಸಿನಿಯರಿಂದ. ಬ್ರಿಟಿಷ್ ಆಸ್ಪತ್ರೆಗಳಲ್ಲಿ ವಾರ್ಡಿನ ಮುಖ್ಯಸ್ಥೆಗೆ ಆ ಹೆಸರು ನಿಂತಿತು, ಇಲ್ಲಿ ಎಲ್ಲರಿಗೂ ಹರಡಿತು. ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಈಗ ಶುಶ್ರೂಷಣಾಧಿಕಾರಿ, ಅಂದರೆ ನರ್ಸಿಂಗ್ ಆಫೀಸರ್. ಹಳ್ಳಿಯಲ್ಲಿ ‘ನರ್ಸಮ್ಮ’ ಎಂದು ಕರೆಸಿಕೊಳ್ಳುವವರು ಹೆಚ್ಚಾಗಿ ಆರೋಗ್ಯ ಉಪಕೇಂದ್ರದಲ್ಲಿರುವ ಸಹಾಯಕ ನರ್ಸ್ ಮತ್ತು ಮಿಡ್‌ವೈಫ್ (ತರಬೇತಾದ ಸೂಲಗಿತ್ತಿ), ಅಂದರೆ ಎಎನ್‌ಎಂ. ಅವರ ಹುದ್ದೆಗೆ ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಹೆಸರು. ಕರೆಯುವುದಕ್ಕೆ ‘ಸಿಸ್ಟರ್’, ಗಂಡಸಾದರೆ ‘ಬ್ರದರ್’ ಎಂದರೆ ಯಾರಿಗೂ ಬೇಸರವಿಲ್ಲ. ‘ಏಯ್ ನರ್ಸೇ’ ಮಾತ್ರ ಬೇಡ.

ನೈಟಿಂಗೇಲ್ ದೀಪ ಹಿಡ್ಕೊಂಡು ಓಡಾಡಿದ್ದು ಬಿಟ್ರೆ ಮಾಡಿದ್ದೇನು?

ದೀಪ ಅವರ ಕೆಲಸದಲ್ಲಿ ತೀರ ಸಣ್ಣ ಭಾಗ. ಇವತ್ತಿನ ನರ್ಸಿಂಗ್‌ಗೆ ಬುನಾದಿ ಹಾಕಿದ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು. ದಾದಿಯರ ದಿನ ಅಂದೇ. ಕ್ರಿಮಿಯಾ ಯುದ್ಧದ ಹೊತ್ತಿಗೆ, 1854ರ ನವೆಂಬರಿನಲ್ಲಿ, 38 ಹೆಂಗಸರ ತಂಡ ಕಟ್ಟಿಕೊಂಡು ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಹೋದರು. ಬಟ್ಟೆ, ಊಟ, ಹಾಸಿಗೆ, ಅಡುಗೆಮನೆ ಎಲ್ಲವನ್ನೂ ಸರಿಪಡಿಸಿದರು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ದಾಖಲಾದವರಲ್ಲಿ 100ಕ್ಕೆ 42 ಜನ ಸತ್ತರು. ಕಟ್ಟಡದ ಅಡಿಯ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಜೂನ್ ಹೊತ್ತಿಗೆ ಸಾವು 100ಕ್ಕೆ ಸುಮಾರು 2ಕ್ಕೆ ಇಳಿಯಿತು. ಊರಿಗೆ ಮರಳಿ ಅಂಕಿ ಅಂಶದ ಪಂಡಿತ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ ನೈಟಿಂಗೇಲ್‌ಗೆ ಇದು ಸ್ಪಷ್ಟವಾಯಿತು: ಸೈನಿಕರನ್ನು ಕೊಂದದ್ದು ಗಾಯಕ್ಕಿಂತ ಹೆಚ್ಚಾಗಿ ಗಲೀಜು. ಅದನ್ನು ಒಪ್ಪಿಕೊಂಡು, ಆ ಅಂಕಿಗಳನ್ನು ಚಿತ್ರವಾಗಿ ಬರೆದು ಸರ್ಕಾರದ ಮುಂದಿಟ್ಟರು. ತನ್ನ ಕಣ್ಣೆದುರೇ ಆದ ಸಾವುಗಳನ್ನು ಹಾಗೆ ಎಣಿಸಿ ತೋರಿಸುವುದಕ್ಕೆ ಬಹಳ ಗಟ್ಟಿ ಮನಸ್ಸು ಬೇಕು.

ಎರಡನೆಯ ಕೆಲಸ ಶಾಲೆ. ಜನ ಕೊಟ್ಟ ಸುಮಾರು 44,000 ಪೌಂಡ್ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ವಿದ್ಯಾರ್ಥಿನಿಯರೊಂದಿಗೆ ಅದು ಶುರುವಾಯಿತು. ಒಂದು ವರ್ಷದ ಪಾಠ, ಅಲ್ಲೇ ವಾಸ, ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಕೈಕೆಳಗೆ ವಾರ್ಡ್ ಕಲಿಕೆ. ಶಾಲೆಯ ಹಣ ಆಸ್ಪತ್ರೆಯ ಹಣದಿಂದ ಬೇರೆಯಾಗಿತ್ತು. ಈ ಬೇರೆಯಾಗಿದ್ದದ್ದೇ ಮುಖ್ಯ. ಮುಂದೆ ಇದನ್ನು ನೋಡಿ ಎಲ್ಲೆಡೆ ಹುಟ್ಟಿದ ಶಾಲೆಗಳು ಆ ಒಂದು ಅಂಶವನ್ನೇ ಬಿಟ್ಟವು. ಆಸ್ಪತ್ರೆಯೇ ಶಾಲೆ ನಡೆಸಿತು, ವಿದ್ಯಾರ್ಥಿನಿಯರಿಂದಲೇ ವಾರ್ಡ್ ನಡೆಸಿತು. ಕಲಿಯಲು ಬಂದವರು ಸಂಬಳವಿಲ್ಲದ ಆಳುಗಳಾದರು. ನರ್ಸಿಂಗ್ ಶಿಕ್ಷಣದ ಆಮೇಲಿನ ಚರಿತ್ರೆಯ ಬಹುಭಾಗ ಈ ಗಂಟನ್ನು ಬಿಚ್ಚುವ ಪ್ರಯತ್ನವೇ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡಿನ ಆರೋಗ್ಯದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1,000ಕ್ಕೆ 69 ಜನ ಸಾಯುತ್ತಿದ್ದಾರೆ ಎಂದು ತೋರಿಸಿದ 1863ರ ರಾಯಲ್ ಕಮಿಷನ್ ವರದಿಯ ಹಿಂದೆ ಅವರ ಕೈಯಿತ್ತು.

ದೀಪದ ಕಾರ್ಯಕ್ರಮದಲ್ಲಿ ಹೇಳಿಸೋ ಪ್ರತಿಜ್ಞೆ ನೈಟಿಂಗೇಲೇ ಬರೆದಿದ್ದಾ?

ಅಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಚ್ಚಿ ಹೇಳುವ ಆ ಪ್ರತಿಜ್ಞೆಯನ್ನು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ಬರೆದರು, ಗೌರವಕ್ಕೆ ನೈಟಿಂಗೇಲ್ ಹೆಸರಿಟ್ಟರು. ಚಿತ್ರಗಳಲ್ಲಿ ಕಾಣುವ ಕೊಕ್ಕಿನ ದೀಪವೂ ಅವರದಲ್ಲ. ಅವರು ಹಿಡಿದದ್ದು ಬಟ್ಟೆಯ ಮಡಿಕೆಗಳಿರುವ ಟರ್ಕಿಯ ಲಾಂದ್ರ.

## ನಮ್ಮ ಕಡೆಗೆ ಬಂದ ಬಗೆ

ನರ್ಸ್ ಅಂದ್ರೆ ಮಿಷನ್ ಆಸ್ಪತ್ರೆ ಅಂತ ನಮ್ಮ ದೊಡ್ಡೋರು ಹೇಳ್ತಾರೆ. ಯಾಕೆ ಹಾಗೆ?

ಸರ್ಕಾರಿ ಶುರುವಾತು ಮದರಾಸಿನಲ್ಲಿ ಆಗಿತ್ತು. 1854ರಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿ, 1871ರಲ್ಲಿ ಜನರಲ್ ಆಸ್ಪತ್ರೆಯಲ್ಲಿ ನರ್ಸ್‌ಗಳ ಶಾಲೆ. ಆದರೆ ಜಿಲ್ಲೆಯ ಊರುಗಳಿಗೆ ತರಬೇತಾದ ನರ್ಸ್‌ಗಳನ್ನು ಮುಟ್ಟಿಸಿದ್ದು ಬಹುಪಾಲು ಮಿಷನ್ ಆಸ್ಪತ್ರೆಗಳೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನ ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್ ಆಸ್ಪತ್ರೆ ಬಂತು. ಊರವರ ಬಾಯಲ್ಲಿ ಅದು ಇಟಿಸಿಎಂ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನ ವಾರ್ಡ್ಲಾ ಥಾಮ್ಸನ್ ಮೆಮೋರಿಯಲ್ ಆಸ್ಪತ್ರೆ ಬಂತು, ಈಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಸ್ಪತ್ರೆ.

ಕಾರಣ ಧರ್ಮಪ್ರಚಾರ ಒಂದೇ ಅಲ್ಲ. ಹೆಂಗಸರು ಗಂಡು ಡಾಕ್ಟರ ಮುಂದೆ ಮೈ ತೋರಿಸುತ್ತಿರಲಿಲ್ಲ, ಆದ್ದರಿಂದ ಹೆಣ್ಣು ಕೈಗಳು ಬೇಕಿದ್ದವು. ರಕ್ತ, ಮಲ, ಮೂತ್ರ, ಹೆಣ ಮುಟ್ಟುವುದು ಮೈಲಿಗೆ. ಬಾಣಂತಿಗೇ ಪುರುಡು ಎಂದು ದೂರ ಕೂರಿಸುವ ಮನೆಯವರು ಮಗಳನ್ನು ಆ ಕೆಲಸಕ್ಕೆ ಕಳಿಸುತ್ತಾರೆಯೇ? ಹಾಗಾಗಿ ಮೊದಲು ಬಂದವರಲ್ಲಿ ಹೊಸದಾಗಿ ಕ್ರೈಸ್ತರಾದವರು, ವಿಧವೆಯರು, ಮಿಷನ್ ಹಾಸ್ಟೆಲಿನಲ್ಲಿ ಬೆಳೆದ ಅನಾಥ ಹುಡುಗಿಯರೇ ಹೆಚ್ಚು. ಸಮಾಜ ಮೂಲೆಗೆ ತಳ್ಳಿದ ಹೆಣ್ಣುಮಕ್ಕಳು ಆ ಸಮಾಜದ್ದೇ ಆರೈಕೆ ಮಾಡಿದರು. ಈ ಮಾತನ್ನು ನಮ್ಮ ಜಿಲ್ಲೆಗಳ ಚರಿತ್ರೆ ಬರೆಯುವವರು ಬಿಡಬಾರದು.

ಮಿಷನ್ ಆಸ್ಪತ್ರೆಗಳು ಒಟ್ಟಿಗೆ ಸೇರಿ ತಮ್ಮದೇ ಪರೀಕ್ಷಾ ಮಂಡಳಿಯನ್ನೂ ಕಟ್ಟಿಕೊಂಡವು. ಹೊರಗಿನವರು ಬಂದು ಪರೀಕ್ಷೆ ಮಾಡುವುದರಿಂದ ಸಣ್ಣ ಊರಿನ ಪ್ರಮಾಣಪತ್ರಕ್ಕೂ ಬೆಲೆ ಬಂತು.

ಎಲ್ಲಿ ನೋಡಿದ್ರೂ ಕೇರಳದ ನರ್ಸ್‌ಗಳೇ. ನಮ್ಮ ಹುಡುಗೀರು ಯಾಕೆ ಹಿಂದೆ ಬಿದ್ರು?

ಕೇರಳದಲ್ಲಿ ಹೆಣ್ಣುಮಕ್ಕಳ ಶಾಲೆ ಬೇಗ ಹರಡಿತು, ದೊಡ್ಡ ಕ್ರೈಸ್ತ ಸಮುದಾಯದಲ್ಲಿ ಈ ಕೆಲಸಕ್ಕೆ ಮೈಲಿಗೆಯ ಅಡ್ಡಿ ಕಡಿಮೆಯಿತ್ತು. ಒಂದು ಮನೆಯ ಹಿರಿಮಗಳು ಹೋಗಿ ಹಣ ಕಳಿಸಿದ್ದನ್ನು ಕಂಡು ಪಕ್ಕದ ಮನೆಯವರೂ ಕಳಿಸಿದರು. ನಮ್ಮಲ್ಲಿ ‘ರಾತ್ರಿ ಡ್ಯೂಟಿ ಮಾಡೋಳಿಗೆ ಗಂಡು ಸಿಕ್ಕಲ್ಲ’ ಎಂಬ ಮಾತೇ ಎಷ್ಟೋ ಅರ್ಜಿಗಳನ್ನು ತಡೆದಿದೆ. ಸಂಬಳದ ನರ್ಸ್ ಸೊಸೆ ಬೇಕು ಎಂದು ಹುಡುಕಿ ಬರುವ ಮನೆಗಳು ಈಗ ಇವೆ. ಮಾತು ಮಾತ್ರ ಇನ್ನೂ ಪೂರ್ತಿ ಸತ್ತಿಲ್ಲ.

ನಮ್ಮ ಹುಡುಗ ನರ್ಸಿಂಗ್ ಓದ್ತೀನಿ ಅಂತಾನೆ. ಗಂಡುಮಕ್ಳಿಗೆ ಆಗುತ್ತಾ?

ಆಗುತ್ತದೆ. ಓದು ಒಂದೇ, ನೋಂದಣಿ ಒಂದೇ, ಸಂಬಳ ಒಂದೇ. ಐಸಿಯು, ತುರ್ತು ವಿಭಾಗ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಮನೋರೋಗ ವಾರ್ಡುಗಳಲ್ಲಿ ಬೇಡಿಕೆ ಇದೆ. ಕೆಲವು ನೇಮಕಾತಿಗಳಲ್ಲಿ ಗಂಡಸರಿಗೆ ಮಿತಿ ಇರುತ್ತದೆ. 2019ರಲ್ಲಿ ಏಮ್ಸ್ ಆಸ್ಪತ್ರೆಗಳು 80 ಹೆಣ್ಣು, 20 ಗಂಡು ಎಂಬ ಪ್ರಮಾಣ ತಂದವು. ಎಎನ್‌ಎಂ ಓದು ಮಾತ್ರ ಹೆಣ್ಣುಮಕ್ಕಳಿಗೆ.

## ಕೋರ್ಸು, ಕಾಲೇಜು

ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ಅಂತ ಮೂರು ಯಾಕೆ? ಯಾವುದಕ್ಕೆ ಸೇರ್ಸೋದು?

ಮೂರೂ ಬೇರೆ ಬೇರೆ ಕಾಲದ ಕೊರತೆ ತುಂಬಲು ಹುಟ್ಟಿದವು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಬಂದಾಗ ದೇಶದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000, ಅಂದರೆ 43,000 ಜನಕ್ಕೆ ಒಬ್ಬರು. ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಆಸ್ಪತ್ರೆ ಶಾಲೆಗಳ ಹಳೆಯ ಡಿಪ್ಲೊಮಾ. ಬಿಎಸ್ಸಿ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಶುರುವಾಯಿತು. ಶಾಲೆಯನ್ನು ಆಸ್ಪತ್ರೆಯ ಹಿಡಿತದಿಂದ ವಿಶ್ವವಿದ್ಯಾಲಯಕ್ಕೆ ತಂದ ಹೆಜ್ಜೆ ಅದು. ಹಳ್ಳಿಗಳಿಗೆ ಬೇಗ ಜನ ಬೇಕೆಂದು 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಎಎನ್‌ಎಂ ಹುಟ್ಟಿತು. ಅದು ಮೊದಲು 2 ವರ್ಷ, 1977ರಲ್ಲಿ ಒಂದೂವರೆ, ಈಗ ಮತ್ತೆ 2.

ಬಿಎಸ್ಸಿ 4 ವರ್ಷ, 2021ರಿಂದ 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಸಾಮಾನ್ಯ ವರ್ಗಕ್ಕೆ 45%, ಇಂಗ್ಲಿಷ್ ಪಾಸಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ 2023ರಿಂದ ಇದಕ್ಕೆ ಸಿಇಟಿ ಬರೆಯಬೇಕು. ಜಿಎನ್‌ಎಂ 3 ವರ್ಷ, ಯಾವ ವಿಭಾಗದ ಪಿಯುಸಿ ಆದರೂ ಸರಿ, 40% ಸಾಕು. ಜಿಎನ್‌ಎಂ ಆದವರು 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು.

ಮನೆಯಲ್ಲಿ ನಾಲ್ಕನೇ ವರ್ಷದ ಫೀಸು ಕಟ್ಟುವ ಶಕ್ತಿಯಿದ್ದು ಮಗು ವಿಜ್ಞಾನ ಓದಿದ್ದರೆ ಬಿಎಸ್ಸಿ. ಕಲಾ ಅಥವಾ ವಾಣಿಜ್ಯ ಓದಿದ್ದರೆ ಜಿಎನ್‌ಎಂ. ಊರಲ್ಲೇ ಇದ್ದು ತಾಯಿ ಮಕ್ಕಳ ಕೆಲಸ ಮಾಡುವ ಆಸೆಯಿದ್ದರೆ ಎಎನ್‌ಎಂ. ಆದರೆ ಎಎನ್‌ಎಂ ಮುಗಿಸಿದವರು ವಾರ್ಡಿನ ಸ್ಟಾಫ್ ನರ್ಸ್ ಹುದ್ದೆಗೆ ಅರ್ಹರಲ್ಲ ಎಂಬುದನ್ನು ಸೇರುವ ಮೊದಲೇ ತಿಳಿದಿರಬೇಕು.

ಹಳೇ ಸಿಸ್ಟರ್‌ಗಳು ಜಿಎನ್‌ಎಂ ಮೂರೂವರೆ ವರ್ಷ ಓದಿದ್ದು ಅಂತಾರೆ. ಈಗ ಮೂರೇ ವರ್ಷ. ಕಲಿಕೆ ಕಮ್ಮಿ ಆಯ್ತಾ?

ಹಿಂದೆ ಓದಿನ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್ ಇತ್ತು. 2015ರ ಪರಿಷ್ಕರಣೆಯಲ್ಲಿ ಅದನ್ನು ಮೂರು ವರ್ಷದ ಒಳಗೇ ಸೇರಿಸಿದರು. ಕಾಗದದಲ್ಲಿ ಅರ್ಧ ವರ್ಷ ಉಳಿತಾಯವಾಯಿತು. ಆದರೆ ಕಲಿಕೆಯನ್ನು ನಿರ್ಧರಿಸುವುದು ವರ್ಷವಲ್ಲ, ಹಾಸಿಗೆಯ ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾರೆಯೇ ಎಂಬುದು. ಆರು ತಿಂಗಳು ಬರೀ ಬಿಪಿ ನೋಡಿ ಚಾರ್ಟ್ ತುಂಬಿಸಿದ ಇಂಟರ್ನ್ ಸಿಬ್ಬಂದಿಯ ಕೊರತೆ ತುಂಬಿದಂತಾಯಿತೇ ಹೊರತು ಏನೂ ಕಲಿಯಲಿಲ್ಲ. ಕಲಿಯಲು ಬಂದವರಿಂದಲೇ ವಾರ್ಡ್ ನಡೆಸುವ ಹಳೆಯ ಗಂಟು ಇಲ್ಲೂ ಇದೆ.

ಊರೂರಿಗೂ ನರ್ಸಿಂಗ್ ಕಾಲೇಜು ಇದೆ. ಯಾವುದು ಸರಿ ಅಂತ ಹೇಗೆ ಗೊತ್ತಾಗ್ಬೇಕು?

ಕಟ್ಟಡ ನೋಡಬೇಡಿ, ಹಾಸಿಗೆ ನೋಡಿ. ಬಿಎಸ್ಸಿ ಕಾಲೇಜಿಗೆ ಸ್ವಂತ ಆಸ್ಪತ್ರೆ ಬೇಕು, 100 ಹಾಸಿಗೆ ಅದರ ಅಳತೆ. ಬೋರ್ಡಿನಲ್ಲಿ 100 ಎಂದು ಬರೆದರೆ ಸಾಲದು, ಸರಾಸರಿ 75% ಹಾಸಿಗೆ ತುಂಬಿರಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು. ಮುಂಚೆ ಹೇಳದೆ ಒಂದು ಬುಧವಾರ ಬೆಳಿಗ್ಗೆ 11ಕ್ಕೆ ಆ ಆಸ್ಪತ್ರೆಗೆ ಹೋಗಿ ವಾರ್ಡಿನಲ್ಲಿ ಸುತ್ತಾಡಿ. ಹಾಸಿಗೆಗಳ ಮೇಲೆ ಮಡಿಸಿಟ್ಟ ಕಂಬಳಿ ಮಾತ್ರ ಕಂಡರೆ ನಿಮಗೆ ಉತ್ತರ ಸಿಕ್ಕಿತು.

ಮುಂದೆ ಕಾಗದ. ಬಿಎಸ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆ ವರ್ಷದ ಪಟ್ಟಿಯಲ್ಲಿ, ಜಿಎನ್‌ಎಂಗೆ ರಾಜ್ಯದ ಡಿಪ್ಲೊಮಾ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ, ಎರಡಕ್ಕೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿದೆಯೇ, ಎಷ್ಟು ಸೀಟಿಗೆ ಇದೆ ಎಂದು ನೋಡಿ. ಹೊರರಾಜ್ಯದಲ್ಲೋ ಹೊರದೇಶದಲ್ಲೋ ಕೆಲಸ ಮಾಡುವ ಯೋಚನೆಯಿದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ವಾಪಸ್ ಇಸಕೊಳ್ಳಿ, ಅಲ್ಲೇ ಬಿಟ್ಟು ಬರಬೇಡಿ. ‘ಹಾಜರಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂದ ಕಡೆ ನಿಲ್ಲಲೇಬೇಡಿ. ಅಲ್ಲಿ ಪಾಸಾದ ಮಗುವಿನ ಕೈಗೆ ಒಂದು ದಿನ ಯಾರದೋ ಪ್ರಾಣ ಬರುತ್ತದೆ.

## ಇನ್ನೂ ಆಳಕ್ಕೆ

ಪಾಸಾದ್ಮೇಲೆ ನೋಂದಣಿ ಯಾಕೆ? ಸರ್ಟಿಫಿಕೇಟೇ ಸಾಲ್ದಾ?

ಪ್ರಮಾಣಪತ್ರ ನೀವು ಕಲಿತಿದ್ದೀರಿ ಎನ್ನುತ್ತದೆ, ನೋಂದಣಿ ನಿಮ್ಮನ್ನು ಕೆಲಸಕ್ಕೆ ಬಿಡಬಹುದು ಎನ್ನುತ್ತದೆ. ಇದಕ್ಕಾಗಿ ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ಜಗಳ ನಡೆಯಿತು. ಲಂಡನ್ನಿನ ಆಸ್ಪತ್ರೆಯೊಂದರ ಮೇಟ್ರನ್ ಆಗಿದ್ದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ನೋಂದಣಿ ಬೇಕು ಎಂದರು. ಬೇಡ ಎಂದವರಲ್ಲಿ ನೈಟಿಂಗೇಲ್ ಮುಂದಿದ್ದರು. ಗುಣ, ನಡತೆಯನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ವಾದ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಪಟ್ಟಿಯೇ ಇಲ್ಲದಿದ್ದರೆ ನಕಲಿ ನರ್ಸನ್ನು ಹೊರಗಿಡಲು ದಾರಿಯೇ ಇಲ್ಲ. 1901ರಲ್ಲಿ ನ್ಯೂಜಿಲೆಂಡ್ ಜಗತ್ತಿನಲ್ಲೇ ಮೊದಲಾಗಿ ನರ್ಸ್‌ಗಳಿಗೆಂದೇ ನೋಂದಣಿ ಕಾಯ್ದೆ ಮಾಡಿತು. ಬ್ರಿಟನ್ನಿಗೆ ಅದು 1919ರಲ್ಲಿ, ಮದರಾಸಿಗೆ 1926ರಲ್ಲಿ ಬಂತು. ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರದು, ನಮ್ಮ ರಾಜ್ಯದ್ದು 1961ರದು. 2023ರಲ್ಲಿ ಸಂಸತ್ತು ಕೌನ್ಸಿಲ್ ಜಾಗಕ್ಕೆ ರಾಷ್ಟ್ರೀಯ ಆಯೋಗ ತರುವ ಹೊಸ ಕಾಯ್ದೆ ಮಾಡಿದೆ.

ನೋಂದಣಿಗೆ ಎಲ್ಲ ವರ್ಷಗಳ ಅಂಕಪಟ್ಟಿ, ಕೋರ್ಸ್ ಮುಗಿಸಿದ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಬೇಕು. ಅರ್ಜಿ ನಿಲ್ಲುವುದು ಬಹುಪಾಲು ಹೆಸರಿನಿಂದ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಮೊದಲ ವರ್ಷದ ಅಂಕಪಟ್ಟಿ ಕೈಗೆ ಬಂದ ದಿನವೇ ಎಸ್ಸೆಸ್ಸೆಲ್ಸಿಯ ಹೆಸರಿಗೆ ಹೋಲಿಸಿ, ತಪ್ಪಿದ್ದರೆ ಆಗಲೇ ತಿದ್ದಿಸಿ. ಐದು ವರ್ಷಕ್ಕೊಮ್ಮೆ ನವೀಕರಣವಿದೆ, ಅದಕ್ಕೆ 150 ಗಂಟೆಯ ನಿರಂತರ ಶಿಕ್ಷಣ ತೋರಿಸಬೇಕು. ಹಾಜರಾದ ಪ್ರತಿ ಕಾರ್ಯಾಗಾರದ ಪತ್ರವನ್ನೂ ಫೈಲಿನಲ್ಲಿಡಿ.

ಒಬ್ರು ನರ್ಸ್‌ಗೆ ಎಷ್ಟು ಪೇಷಂಟ್ ಇರ್ಬೇಕು? ನಮ್ಮಲ್ಲಿ ರಾತ್ರಿ ಒಬ್ರೇ 40 ಜನನ್ನ ನೋಡ್ತೀವಿ.

ಭಾರತೀಯ ನರ್ಸಿಂಗ್ ಕೌನ್ಸಿಲ್ ಅಳತೆ: ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ಹಾಸಿಗೆಗೆ ಒಬ್ಬರು, ಇತರ ಆಸ್ಪತ್ರೆಗೆ 5ಕ್ಕೆ ಒಬ್ಬರು, ಐಸಿಯುಗೆ ಒಬ್ಬರಿಗೊಬ್ಬರು. ಇದನ್ನು ತಪ್ಪಾಗಿ ಓದುವವರೇ ಹೆಚ್ಚು. ವಾರ್ಡಿನ ‘5ಕ್ಕೆ ಒಬ್ಬರು’ ಎಂದರೆ ಮೂರು ಪಾಳಿಯೂ ಸೇರಿ. ಒಂದು ಪಾಳಿಗೆ 15ಕ್ಕೆ ಒಬ್ಬರು. 40 ಹಾಸಿಗೆಗೆ 8 ನರ್ಸ್, ರಜೆ ಮೀಸಲು 30% ಸೇರಿಸಿದರೆ 11. ರಾತ್ರಿ ಪಾಳಿಗೆ ಇಬ್ಬರಿಂದ ಮೂವರು ಬರಬೇಕು. ಒಬ್ಬರೇ ಇದ್ದಾರೆ ಎಂದರೆ ಅಳತೆಯ ಅರ್ಧವೂ ಇಲ್ಲ. ಮನವಿ ಬರೆಯುವಾಗ ‘ಕೆಲಸ ಜಾಸ್ತಿ’ ಎಂದು ಬರೆಯಬೇಡಿ. ಒಂದು ತಿಂಗಳ ರಾತ್ರಿ ರೋಗಿಗಳ ಸಂಖ್ಯೆ, ಡ್ಯೂಟಿ ಪಟ್ಟಿ, ಈ ಲೆಕ್ಕ, ಮೂರನ್ನೂ ಲಗತ್ತಿಸಿ. ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದ ನೈಟಿಂಗೇಲ್ ದಾರಿ ಅದೇ.

ಹಿಂದೆ ಸಿರಿಂಜು ಕುದಿಸ್ತಿದ್ರಂತಲ್ಲ. ಅದ್ರಲ್ಲಿ ತಪ್ಪೇನಿತ್ತು?

ಗಾಜಿನ ಸಿರಿಂಜು, ಸೂಜಿಗಳನ್ನು ತೊಳೆದು, ನೀರು ಕುದಿಬಂದ ಮೇಲೆ 20 ನಿಮಿಷ ಇಡಬೇಕಿತ್ತು. ಹೊರಗೆ ಸಾಲು ಬೆಳೆದಾಗ ಐದು ನಿಮಿಷಕ್ಕೇ ಎತ್ತುತ್ತಿದ್ದರು. ನಡುವೆ ಇನ್ನೊಂದು ಸೂಜಿ ಹಾಕಿದರೆ ಲೆಕ್ಕ ಮೊದಲಿಂದ ಶುರುವಾಗಬೇಕು, ಅದನ್ನೂ ಮರೆಯುತ್ತಿದ್ದರು. ಪೂರ್ತಿ ಕುದಿಸಿದರೂ ಧನುರ್ವಾಯುವಿನಂಥ ರೋಗಾಣುಗಳ ಬೀಜಕಗಳು ಸಾಯುವುದಿಲ್ಲ. ಅದಕ್ಕೆ ಒತ್ತಡದ ಆವಿಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಯಂತ್ರ ಬೇಕು: 15 ಪೌಂಡ್ ಒತ್ತಡ, 121 ಡಿಗ್ರಿ ಸೆಲ್ಸಿಯಸ್, 15ರಿಂದ 20 ನಿಮಿಷ. ಅದರಲ್ಲೂ ಬಟ್ಟೆ, ಸಾಮಾನು ಇಡುವ ಡ್ರಮ್ಮನ್ನು ಒತ್ತಿ ತುಂಬಿದರೆ ಆವಿ ಒಳಗೆ ಹೋಗದು, ಒಳಗಿನ ಗಾಳಿ ಪೂರ್ತಿ ಹೊರಡುವ ಮೊದಲೇ ಕವಾಟ ಮುಚ್ಚಿದರೆ ಮುಳ್ಳು ಒತ್ತಡ ತೋರಿಸುತ್ತದೆ, ಬಿಸಿ ಇರುವುದಿಲ್ಲ. ಒದ್ದೆಯಾಗಿ ಹೊರಬಂದ ಬಟ್ಟೆಯನ್ನು ಶುದ್ಧ ಎಂದು ಬಳಸಬಾರದು.

ಹಳಬರಿಂದ ಕಲಿಯಬೇಕಾದದ್ದೂ ಇದೆ, ಡ್ರಿಪ್ ಲೆಕ್ಕ, ಅಂದರೆ ಸಲೈನ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು ಎಂಬುದು. ಪಂಪು ಇಲ್ಲದ ವಾರ್ಡಿನಲ್ಲಿ ಅದು ಇವತ್ತಿಗೂ ಬೇಕು. 500 ಮಿಲೀ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟು (ಹನಿ ಬೀಳುವ ನಳಿಕೆ) ಮಿಲೀಗೆ 20 ಹನಿಯದು ಎಂದರೆ 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ 42 ಹನಿ. ಮಕ್ಕಳ ಮೈಕ್ರೋ ಸೆಟ್ಟು ಮಿಲೀಗೆ 60 ಹನಿಯದು. ಸೆಟ್ಟಿನ ಕವರು ಓದದೆ ಹನಿ ಎಣಿಸಿದರೆ ಮೂರು ಪಟ್ಟು ತಪ್ಪಾಗುತ್ತದೆ.

ಸೂಲಗಿತ್ತೀರ್ನ ಬಿಡಿಸಿದ್ರು, ಈಗ ಮತ್ತೆ ಮಿಡ್‌ವೈಫ್ ಬೇಕು ಅಂತಿದ್ದಾರೆ. ಏನಿದು?

ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ತಾಯಿ ಮಗುವಿನ ಜೀವ ಉಳಿಯಿತು. ಆದರೆ ಸುಸೂತ್ರ ಹೆರಿಗೆಯೂ ಡಾಕ್ಟರ ಕೈಗೆ ಹೋಗಿ, ಅನೇಕ ಕಡೆ ಬೇಡದ ಸಿಸೇರಿಯನ್ ಹೆಚ್ಚಿತು. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ 18 ತಿಂಗಳ ನರ್ಸ್ ಪ್ರಾಕ್ಟಿಷನರ್ ಮಿಡ್‌ವೈಫರಿ ಓದಿಗೆ ಮಾರ್ಗಸೂಚಿ ತಂದಿತು. ಜಿಎನ್‌ಎಂ ಅಥವಾ ಬಿಎಸ್ಸಿ ಮಾಡಿ ಹೆರಿಗೆ ವಾರ್ಡಿನ ಅನುಭವ ಇರುವವರಿಗೆ ಇದು. ಅಪಾಯದ ಲಕ್ಷಣವಿಲ್ಲದ ಹೆರಿಗೆಯನ್ನು ಅವರೇ ಮಾಡಿಸುತ್ತಾರೆ, ಲಕ್ಷಣ ಕಂಡ ಕೂಡಲೇ ಡಾಕ್ಟರಿಗೆ ಒಪ್ಪಿಸುತ್ತಾರೆ.

ಇದು ಹೊಸ ವೃತ್ತಿಯೇನೂ ಅಲ್ಲ. ಜಿಎನ್‌ಎಂ ಹೆಸರಿನ ಕೊನೆಯ ‘ಎಂ’ ಮಿಡ್‌ವೈಫರಿಯೇ. ನೋಂದಣಿ ಪತ್ರದಲ್ಲಿ ನರ್ಸ್ ಜೊತೆಗೆ ಮಿಡ್‌ವೈಫ್ ಎಂದೂ ಬರೆದಿರುತ್ತದೆ. ಹೆರಿಗೆ ವಾರ್ಡಿನ ಪೋಸ್ಟಿಂಗ್‌ನಲ್ಲಿ ಗೋಡೆಗೆ ಒರಗಿ ನೋಡಿ ಬರದೆ, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳಿ, ಹಿರಿಯ ಸಿಸ್ಟರ್ ಪರೀಕ್ಷಿಸಿ ಸರಿ ಎಂದ ಮೇಲೆ ಲಾಗ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಿ.